ಕೀಮೋ ನಡೆಯುವಾಗ, ಮುಗಿದ ಮೇಲೆ ಥೀಮ್ ಪಾರ್ಕ್‌ಗೆ ಹೋಗೋದು: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯವರ ಚರ್ಚೆ

ಗುಬ್ಬಿಗೇಟ್, ತುಮಕೂರು

ಮಗನಿಗೆ 9 ವರ್ಷ, ಎಎಲ್ಎಲ್ ಅನ್ನೋ ರಕ್ತದ ಕ್ಯಾನ್ಸರ್. ಈಗ ಮೇಂಟೆನೆನ್ಸ್, ಅಂದರೆ ಕಾಯಿಲೆ ಮರುಕಳಿಸದಂತೆ ಕೊಡೋ ಕೊನೆ ಹಂತದ ಕೀಮೋ ನಡೀತಿದೆ, ಎದೆಯಲ್ಲಿ ಪೋರ್ಟ್ (ಔಷಧಿ ಕೊಡೋಕೆ ಚರ್ಮದ ಒಳಗೆ ಕೂರಿಸಿದ ಪುಟ್ಟ ಸಾಧನ) ಇದೆ. ಅತ್ತೆಗೆ ಎಡಗಡೆ ಸ್ತನದ ಆಪರೇಷನ್ ಆಗಿದೆ, ಕಂಕುಳ ಗಂಟುಗಳನ್ನೂ ತೆಗೆದಿದ್ದಾರೆ, ಕರೆಂಟ್ (ರೇಡಿಯೇಷನ್) ಕೊಡೋದು ಮುಗಿದು ನಾಲ್ಕು ತಿಂಗಳು. ಇಬ್ಬರನ್ನೂ ಬಿಡದಿ ಹತ್ತಿರದ ವಂಡರ್‌ಲಾಗೆ ಕರ್ಕೊಂಡು ಹೋಗಬೇಕು ಅಂತಿದ್ದೀವಿ. ಡಾಕ್ಟರು "ಕೌಂಟ್ (ರಕ್ತಕಣಗಳ ಸಂಖ್ಯೆ) ಚೆನ್ನಾಗಿದ್ರೆ ಹೋಗಿಬನ್ನಿ" ಅಂದರು. ಚೆನ್ನಾಗಿ ಅಂದ್ರೆ ಎಷ್ಟು? ನೀರಿಗೆ ಇಳಿಸಬಹುದಾ? ಯಾವ ಆಟ ಆಗುತ್ತೆ, ಯಾವುದು ಆಗಲ್ಲ? ಗೊತ್ತಿರೋರು ಬಿಡಿಸಿ ಹೇಳಿ.

ಡೇಕೇರ್ ಸಿಸ್ಟರ್

ಅಕ್ಕ, ಪಾರ್ಕ್ ವಿಚಾರ ಆಮೇಲೆ, ಮೊದಲು ಕ್ಯಾಲೆಂಡರ್ ತಗೊಳ್ಳಿ. 21 ದಿನಕ್ಕೊಮ್ಮೆ ಕೀಮೋ ಇರುವವರಿಗೆ ಸಾಮಾನ್ಯವಾಗಿ 7ರಿಂದ 14ನೇ ದಿನದೊಳಗೆ ಬಿಳಿ ರಕ್ತಕಣ ತಳ ಮುಟ್ಟುತ್ತೆ. ಆ ವಾರದಲ್ಲಿ ವಾಂತಿ ನಿಂತಿರುತ್ತೆ, ಊಟ ಸೇರ್ತಿರುತ್ತೆ, ಮುಖದಲ್ಲಿ ಕಳೆ ಬಂದಿರುತ್ತೆ. "ಈಗ ಹುಷಾರಾಗಿದ್ದಾರೆ" ಅಂತ ಜನ ಹೊರಡೋದು ಇದೇ ವಾರ, ಸೋಂಕು ಹಿಡಿಯೋದೂ ಇದೇ ವಾರ. ಹೋಗೋದಾದ್ರೆ ಮುಂದಿನ ಸೈಕಲ್‌ಗೆ, ಅಂದರೆ ಮುಂದಿನ ಸಲದ ಕೀಮೋಗೆ, ಮೂರ್ನಾಲ್ಕು ದಿನ ಇರುವಾಗ ಹೋಗಿ. ಕೀಮೋ ಆದ ಮೊದಲ 48 ಗಂಟೆಯಂತೂ ಬೇಡವೇ ಬೇಡ. ಮೂತ್ರದಲ್ಲಿ, ವಾಂತಿಯಲ್ಲಿ ಔಷಧಿಯ ಅಂಶ ಹೊರಗೆ ಬರ್ತಿರುತ್ತೆ, ಊರವರೆಲ್ಲ ಬಳಸೋ ಶೌಚಾಲಯಕ್ಕೆ ಅದು ಹೋಗಬಾರದು.

ನಿಮ್ಮ ಮಗನ ಲೆಕ್ಕ ಬೇರೆ. ದಿನಾ 6-ಎಂಪಿ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಅನ್ನೋ ಕೀಮೋ ಔಷಧಿಗಳು ಇರೋದ್ರಿಂದ ಕೌಂಟ್ ನಿಧಾನಕ್ಕೆ ಏಳುತ್ತೆ, ಬೀಳುತ್ತೆ. ಡಾಕ್ಟರೇ ಬೇಕಂತ ಎಎನ್‌ಸಿಯನ್ನು (ಸೋಂಕಿನ ವಿರುದ್ಧ ಹೋರಾಡೋ ನ್ಯೂಟ್ರೋಫಿಲ್ ಅನ್ನೋ ಬಿಳಿಕಣಗಳ ಸಂಖ್ಯೆ) ಸುಮಾರು 500ರಿಂದ 1500ರ ನಡುವೆ ಇಟ್ಟಿರ್ತಾರೆ. ಹೊರಡೋಕೆ ಎರಡು ದಿನ ಮುಂಚೆ ಸಿಬಿಸಿ (ರಕ್ತಕಣಗಳ ಪರೀಕ್ಷೆ) ಮಾಡಿಸಿ. ರಿಪೋರ್ಟ್‌ನಲ್ಲಿ ಎಎನ್‌ಸಿ ಬರೆದಿಲ್ಲದಿದ್ರೆ ಒಟ್ಟು ಬಿಳಿಕಣವನ್ನು ನ್ಯೂಟ್ರೋಫಿಲ್ ಶೇಕಡಾದಿಂದ ಗುಣಿಸಿ 100ರಿಂದ ಭಾಗಿಸಿ. ಬಿಳಿಕಣ 2,400, ನ್ಯೂಟ್ರೋಫಿಲ್ ಶೇ. 35 ಅಂದ್ರೆ 840. ಕೆಲವು ಲ್ಯಾಬ್‌ನವರು 2.4 ಅಂತಷ್ಟೇ ಬರೀತಾರೆ, ಅದು ಸಾವಿರದ ಲೆಕ್ಕ, ಗಾಬರಿ ಬೇಡ.

ಎಎನ್‌ಸಿ 500ಕ್ಕಿಂತ ಕೆಳಗಿದ್ರೆ ಮನೆ ಬಿಟ್ಟು ಕದಲಬೇಡಿ. 500–1000 ಇದ್ರೆ ಗುಂಪು ಇರೋ ಜಾಗ ಬೇಡ. 1000 ದಾಟಿದ್ದು ಜ್ವರ, ಬಾಯಿಹುಣ್ಣು, ಭೇದಿ ಯಾವುದೂ ಇಲ್ಲದಿದ್ರೆ ಜನ ಕಡಿಮೆ ಇರೋ ದಿನ ಮಾಸ್ಕ್ ಹಾಕ್ಕೊಂಡು ಹೋಗಬಹುದು. ಪ್ಲೇಟ್‌ಲೆಟ್ 50,000ದ ಕೆಳಗಿದ್ರೆ ಕುಲುಕೋ ಆಟ ಒಂದೂ ಬೇಡ. ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆ ಇದ್ರೆ ಆಟದ ಮಾತಿರಲಿ, ಮೆಟ್ಟಿಲು ಹತ್ತೋಕೇ ಏದುಸಿರು ಬರುತ್ತೆ.

ಇನ್ನೊಂದು. ಟಿಕೆಟ್ ಮುಂಚೆ ತಗೋಬೇಡಿ. ಸಿಬಿಸಿ ಬಂದ ಮೇಲೆ ತಗೊಳ್ಳಿ. ದುಡ್ಡು ಕಟ್ಟಿಬಿಟ್ಟರೆ ಕೌಂಟ್ 700 ಬಂದಿದ್ರೂ "ಒಂದಿನ ತಾನೆ" ಅಂತ ಮನಸ್ಸು ಎಳೆಯುತ್ತೆ.

ಶಿರಾ ರೋಡ್

ಪ್ಲೇಟ್‌ಲೆಟ್ ಕಡಿಮೆ ಇದ್ರೆ ಪಪ್ಪಾಯಿ ಎಲೆ ರಸ ದಿನಕ್ಕೆ ಎರಡು ಚಮಚ ಕೊಡಿ, ಡೆಂಗಿಗೆ ಎಲ್ಲರೂ ಕೊಡ್ತಾರೆ. ನೀರಿಗೇನು, ಕ್ಲೋರಿನ್ ಹಾಕಿರ್ತಾರೆ, ಯಾವ ಕ್ರಿಮಿನೂ ಉಳಿಯಲ್ಲ.

ಔಷಧಿ ಅಂಗಡಿ, ಕೋಲಾರ

ಎರಡೂ ತಪ್ಪು ಅಣ್ಣ, ಇಲ್ಲಿ ಓದಿದವರು ಪಾಲಿಸಿಬಿಡ್ತಾರೆ, ಅದಕ್ಕೆ ಉದ್ದಕ್ಕೆ ಬರೀತೀನಿ.

ಕೀಮೋದಲ್ಲಿ ಪ್ಲೇಟ್‌ಲೆಟ್ ಬೀಳೋದು ಮೂಳೆಮಜ್ಜೆಯಲ್ಲಿ ಉತ್ಪತ್ತಿ ನಿಂತಿರೋದರಿಂದ. ಡೆಂಗಿಯ ಲೆಕ್ಕ ಬೇರೆ, ಇದು ಬೇರೆ. ಹಸಿ ಎಲೆ ಅರೆದು ಹಿಂಡಿದ ರಸದಲ್ಲಿ ಮಣ್ಣಿನ ಕ್ರಿಮಿಗಳು ಹಾಗೇ ಇರ್ತವೆ, ಕೌಂಟ್ ಕಡಿಮೆ ಇರೋ ಮಗುವಿನ ಹೊಟ್ಟೆಗೆ ಅದು ಹೋಗಬಾರದು. 6-ಎಂಪಿ, ಮೆಥೊಟ್ರೆಕ್ಸೇಟ್ ಎರಡೂ ಲಿವರ್ ಮೇಲೆ ಭಾರ ಹಾಕೋ ಔಷಧಿಗಳು. ಅದರ ಜೊತೆ ಯಾವ ಸೊಪ್ಪಿನ ರಸ, ಕಷಾಯ, ಲೇಹ್ಯ ಕೊಡೋದಿದ್ರೂ ಡಾಕ್ಟರನ್ನು ಕೇಳದೆ ಕೊಡಬೇಡಿ.

ಕ್ಲೋರಿನ್ ಹೆಚ್ಚಿನ ಬ್ಯಾಕ್ಟೀರಿಯಾಗಳನ್ನು ಬೇಗ ಕೊಲ್ಲುತ್ತೆ, ನಿಜ. ಆದರೆ ಕ್ರಿಪ್ಟೋಸ್ಪೊರಿಡಿಯಂ ಅಂತ ಒಂದು ಪರಾವಲಂಬಿ ಇದೆ. ಅದರ ಮೇಲೆ ಗಟ್ಟಿ ಚಿಪ್ಪು, ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ವಾರಕ್ಕಿಂತ ಹೆಚ್ಚು ಬದುಕುತ್ತೆ. ಭೇದಿ ಇರೋ ಒಂದು ಮಗು ಕೊಳಕ್ಕೆ ಇಳಿದರೆ ಸಾಕು, ಉಳಿದವರು ಒಂದು ಗುಟುಕು ನೀರು ಕುಡಿದರೆ ಸಾಕು. ಆರೋಗ್ಯವಂತರಿಗೆ ಒಂದೆರಡು ವಾರದಲ್ಲಿ ಭೇದಿ ನಿಲ್ಲುತ್ತೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ನಿಲ್ಲದೆ ಕಾಡುತ್ತೆ. ಅಲೆ ಕೊಳದಲ್ಲಿ ಅಲೆ ನೇರ ಬಾಯಿಗೇ ಬಡಿಯುತ್ತೆ. ರೇನ್ ಡಾನ್ಸ್‌ನ ನೀರೂ ಸಾಮಾನ್ಯವಾಗಿ ತಿರುಗಿ ತಿರುಗಿ ಬರೋ ನೀರೇ. ಹಾಗಾಗಿ ಚಿಕಿತ್ಸೆ ನಡೀತಿರೋವಾಗ ನೀರಿನ ವಿಭಾಗ ಪೂರ್ತಿ ಬಿಟ್ಟುಬಿಡಿ. ಮಗು ಅಳುತ್ತೆ, ಗೊತ್ತು. ಬಾಗಿಲಲ್ಲಿ ಹೇಳೋ ಬದಲು ಹಿಂದಿನ ವಾರವೇ ಹೇಳಿಟ್ಟಿರಿ.

ಪೋರ್ಟ್ ಚರ್ಮದ ಒಳಗಿರುತ್ತೆ. ಗಾಯ ಮಾಗಿ, ಚುಚ್ಚಿದ ಸೂಜಿ ತೆಗೆದಿದ್ರೆ ಪೋರ್ಟ್‌ನಿಂದಾಗಿ ನೀರಿಗೆ ಅಡ್ಡಿಯಿಲ್ಲ, ಅಡ್ಡಿ ಇರೋದು ಕೌಂಟ್‌ನಿಂದ. ಕೈಯಲ್ಲಿ ಪಿಕ್ ಲೈನ್ (ನರದೊಳಗೆ ಹಾಕಿದ ಉದ್ದ ನಳಿಕೆ) ಅಥವಾ ಎದೆಯಿಂದ ನಳಿಕೆ ಹೊರಗೆ ಬಂದಿರೋರು ಮಾತ್ರ ಎಷ್ಟೇ ಪ್ಲಾಸ್ಟಿಕ್ ಸುತ್ತಿಕೊಂಡರೂ ನೀರಿಗೆ ಇಳಿಯೋ ಹಾಗಿಲ್ಲ.

ಬಿಸಿಲಿನ ಬಗ್ಗೆ. ಮೆಥೊಟ್ರೆಕ್ಸೇಟ್, 5-ಎಫ್‌ಯು, ಕ್ಯಾಪೆಸಿಟಾಬಿನ್ ಅನ್ನೋ ಕೀಮೋ ಔಷಧಿಗಳು, ಸೋಂಕು ತಡೆಯೋಕೆ ಮಕ್ಕಳಿಗೆ ವಾರದಲ್ಲಿ ಎರಡು ಮೂರು ದಿನ ಕೊಡೋ ಸೆಪ್ಟ್ರಾನ್ ಇವೆಲ್ಲ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡ್ತವೆ. ಎಸ್‌ಪಿಎಫ್ 30 ಅಥವಾ 50ರ ಸನ್‌ಸ್ಕ್ರೀನ್ ಹೊರಡೋ ಅರ್ಧ ಗಂಟೆ ಮುಂಚೆ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕೂದಲಿಲ್ಲದ ನೆತ್ತಿ, ಕಿವಿಯ ತುದಿ, ಕತ್ತಿನ ಹಿಂಭಾಗ ಎಲ್ಲರೂ ಮರೆಯೋ ಜಾಗಗಳು. ಆಕ್ಸಾಲಿಪ್ಲಾಟಿನ್ ಅನ್ನೋ ಕೀಮೋ ಔಷಧಿ ತಗೊಂಡು ಕೆಲವೇ ದಿನ ಆಗಿರೋರಿಗೆ ತಣ್ಣನೆ ನೀರು, ಐಸ್‌ಕ್ರೀಮ್, ಜೋರು ಎಸಿ ತಾಗಿದ್ರೆ ಗಂಟಲು ಬಿಗಿದ ಹಾಗೆ, ಬೆರಳಿಗೆ ಮುಳ್ಳು ಚುಚ್ಚಿದ ಹಾಗೆ ಆಗುತ್ತೆ, ಅವರಿಗೆ ಫ್ಲಾಸ್ಕ್‌ನಲ್ಲಿ ಬೆಚ್ಚನೆ ನೀರು ಇರಲಿ.

ಶಿರಾ ರೋಡ್

ಸರಿ ಸರ್, ಕ್ಲೋರಿನ್ ವಿಷಯ ಹೀಗಿದೆ ಅಂತ ಗೊತ್ತಿರಲಿಲ್ಲ. ಡ್ಯಾಶಿಂಗ್ ಕಾರ್ ಆದ್ರೂ ಆಡಿಸಬಹುದಲ್ವಾ? ಅದರಲ್ಲೇನೂ ಇಲ್ಲ.

ರೈಡ್ ಮೆಕ್ಯಾನಿಕ್

ಪೋರ್ಟ್ ಇರೋ ಮಗುವಿಗೆ ನಾನು ಮೊದಲು ಬೇಡ ಅನ್ನೋದೇ ಡ್ಯಾಶಿಂಗ್ ಕಾರ್. ಡಿಕ್ಕಿ ಯಾವ ಕಡೆಯಿಂದ ಬರುತ್ತೆ ಅಂತ ಗೊತ್ತಾಗಲ್ಲ, ಮೈ ಬಿಗಿಹಿಡಿಯೋಕೆ ಸಮಯ ಸಿಗಲ್ಲ, ಎದೆ ಹೋಗಿ ಸ್ಟಿಯರಿಂಗ್‌ಗೆ ಬಡಿಯುತ್ತೆ. ಪೋರ್ಟ್ ಕೂತಿರೋದು ಕೊರಳಮೂಳೆಯಿಂದ ಎರಡು ಮೂರು ಬೆರಳು ಕೆಳಗೆ, ಸರಿಯಾಗಿ ಅದೇ ಮಟ್ಟಕ್ಕೆ.

ದೊಡ್ಡ ಆಟಗಳಲ್ಲಿ ಹೆಗಲ ಮೇಲಿಂದ ಇಳಿಯೋ ಹಾರ್ನೆಸ್ ಕೂಡ ಅದೇ ಜಾಗಕ್ಕೆ ಒತ್ತೋದು. ತಲೆಕೆಳಗೆ ಆದಾಗ, ಜೋರು ಬ್ರೇಕ್ ಬಿದ್ದಾಗ ಮೈಭಾರವೆಲ್ಲ ಹಾರ್ನೆಸ್ ಮೇಲೆ ಬರುತ್ತೆ. ಟವಲ್ ಮಡಿಸಿ ಮಧ್ಯೆ ಇಡ್ತೀವಿ ಅಂತ ಕೆಲವರು ಕೇಳ್ತಾರೆ, ಇಡಬೇಡಿ. ಟವಲ್ ಜಾರಿದ್ರೆ ಅಷ್ಟು ದಪ್ಪದ ಸಡಿಲ ಉಳಿಯುತ್ತೆ, ಮಗು ಒಳಗೆ ಅಲ್ಲಾಡುತ್ತೆ. ಇಬ್ಬರು ಮೂವರಿಗೆ ಒಂದೇ ತೊಡೆಕಂಬಿ ಇರೋ ಆಟದಲ್ಲಿ ಇನ್ನೊಂದು ತೊಂದರೆ. ಕಂಬಿ ನಿಲ್ಲೋದು ದಪ್ಪ ಇರೋರ ತೊಡೆಗೆ, ಪಕ್ಕದಲ್ಲಿ ಕೂತ ಸಣಕಲು ಮಗುವಿಗೆ ಹಿಡಿತವೇ ಇರಲ್ಲ. ಅಂಥ ಆಟದಲ್ಲಿ ಅಪ್ಪನ ಪಕ್ಕ ಕೂರಿಸೋದಕ್ಕಿಂತ ಅದೇ ಗಾತ್ರದ ಇನ್ನೊಂದು ಮಗುವಿನ ಪಕ್ಕ ಕೂರಿಸೋದು ಒಳ್ಳೇದು.

ಜನ ಯೋಚಿಸದ ವಿಷಯ ಒಂದಿದೆ. ಕರೆಂಟ್ ಹೋದ್ರೆ, ಸೆನ್ಸರ್ ತಪ್ಪು ತೋರಿಸಿದ್ರೆ ಆಟ ಮೇಲೇ ನಿಲ್ಲುತ್ತೆ. ನಿಂತ ಜಾಗದಿಂದ ಕಬ್ಬಿಣದ ಕಿರುಮೆಟ್ಟಿಲಲ್ಲಿ ಇಳಿಸಬೇಕಾಗಬಹುದು. "ಆ ಮೆಟ್ಟಿಲಲ್ಲಿ ಇವರು ಇಳೀತಾರಾ?" ಅಂತ ಕೇಳಿಕೊಳ್ಳಿ. ಇಲ್ಲ ಅನ್ನಿಸಿದ್ರೆ ಎತ್ತರದ ಆಟ ಬಿಡಿ. ಕೃತಕ ಕಾಲು ಹಾಕಿರೋರಿಗೆ ಹಲವು ಆಟಗಳಲ್ಲಿ ಅವಕಾಶ ಇರಲ್ಲ, ವೇಗದಲ್ಲಿ ಅದು ಕಳಚಿ ಹಾರೋ ಅಪಾಯ ಇದೆ. ಮೊದಲೇ ಫೋನ್ ಮಾಡಿ ಕೇಳಿ.

ಪುಟಾಣಿ ರೈಲು, ಕುದುರೆ ಸುತ್ತುವ ಆಟ, ನಿಧಾನ ತಿರುಗೋ ದೊಡ್ಡ ಚಕ್ರ, ಕೂತು ನೋಡೋ ಶೋ ಇವು ನಿಮ್ಮ ಮಗನಿಗೆ ಆಗುತ್ತೆ. ತಲೆಯ ಆಪರೇಷನ್ ಆದವರಿಗೆ, ಫಿಟ್ಸ್ ಇರೋರಿಗೆ ಮಿಂಚೋ ಬೆಳಕಿನ ಶೋ ಬೇಡ. ವಿಗ್ ಇದ್ರೆ ಬ್ಯಾಗ್‌ಗೆ ಹಾಕಿ, ಗಲ್ಲಕ್ಕೆ ಕಟ್ಟೋ ಹತ್ತಿ ಟೋಪಿ ಹಾಕಿ. ಗಾಳಿಗೆ ಹಾರಿದ ವಿಗ್ ಹಳಿ ಮೇಲೆ ಬಿದ್ರೆ ಆಟ ನಿಲ್ಲಿಸಬೇಕಾಗುತ್ತೆ.

ಫಿಸಿಯೋ, ಚಿಕ್ಕಬಳ್ಳಾಪುರ

ನಿಮ್ಮ ಅತ್ತೆಯವರ ಬಗ್ಗೆ ಯಾರೂ ಬರೆದಿಲ್ಲ. ಗೇಟಿನಲ್ಲಿ ಕೈಗೆ ಪಟ್ಟಿ ಕಟ್ಟುವ ಪದ್ಧತಿ ಇದ್ದರೆ ಬಲಗೈ ಚಾಚೋಕೆ ಹೇಳಿ. ಎಡಗೈಯ ಕಂಕುಳ ಗಂಟು ತೆಗೆದಿರೋದರಿಂದ ಆ ಕೈಯಿಂದ ದ್ರವ ಹಿಂದಿರುಗುವ ದಾರಿ ಕಿರಿದಾಗಿದೆ. ಬಿಸಿಲಿಗೆ ಕೈ ಊದಿಕೊಳ್ಳುತ್ತೆ, ಕಿತ್ತರೂ ಬಿಚ್ಚದ ಪಟ್ಟಿ ಮಣಿಕಟ್ಟನ್ನು ಬಿಗಿಯುತ್ತೆ. ಬಳೆ, ಉಂಗುರವನ್ನೂ ಆ ಕೈಯಿಂದ ತೆಗೆದು ಹೊರಡಲಿ. ಬ್ಯಾಗ್ ಬಲ ಹೆಗಲಿಗೆ. ಎಡಗೈ ಎತ್ತಿ ಕಂಬಿ ಹಿಡಿದು ಜೋತಾಡೋ ಆಟ ಬೇಡ. ಸೊಳ್ಳೆ ಕಚ್ಚಿದ್ರೆ ಕೆರೆಯದೆ ತೊಳೆದು ಒರೆಸಿ. ಕೈ ಕೆಂಪಗಾಗಿ, ಬಿಸಿಯಾಗಿ, ಜ್ವರ ಬಂದ್ರೆ ಅದೇ ದಿನ ಡಾಕ್ಟರ್ ನೋಡಬೇಕು, ಬೆಳಿಗ್ಗೆವರೆಗೆ ಕಾಯಬೇಡಿ. ಕೈ ಊದದ ಹಾಗೆ ಬಿಗಿಯಾಗಿ ಹಾಕೋ ಕಂಪ್ರೆಷನ್ ತೋಳುಚೀಲ ಕೊಟ್ಟಿದ್ರೆ ಕಾರಿನಲ್ಲಿ ಕೂರುವ ಮುಂಚೆಯೇ ಹಾಕಿಕೊಳ್ಳಲಿ.

ಕರೆಂಟ್ ಕೊಟ್ಟ ಚರ್ಮ ನಾಲ್ಕು ತಿಂಗಳಿಗೆ ಮೇಲ್ನೋಟಕ್ಕೆ ಮಾಗಿದ್ರೂ ಬಿಸಿಲಿಗೆ ಮುಂದೆಯೂ ಸೂಕ್ಷ್ಮವೇ. ಹತ್ತಿ ಬಟ್ಟೆ ಮುಚ್ಚಿರಲಿ. ಹೆಚ್ಚಿನ ಪಾರ್ಕ್‌ಗಳಲ್ಲಿ ನೀರಿನ ಆಟಕ್ಕೆ ಸಿಂಥೆಟಿಕ್ ಬಟ್ಟೆಯೇ ಬೇಕು ಅಂತಾರೆ, ಅದು ಆ ಚರ್ಮಕ್ಕೆ ಉಜ್ಜುತ್ತೆ, ಕ್ಲೋರಿನ್ ಒಣಗಿಸುತ್ತೆ. ಚರ್ಮ ಪೂರ್ತಿ ಮಾಗಿದೆ ಅಂತ ಡಾಕ್ಟರ್ ನೋಡಿ ಹೇಳಿದ್ರೆ ಇಳಿಯಬಹುದು, ಬಂದ ಕೂಡಲೇ ಒಳ್ಳೆ ನೀರಿನಲ್ಲಿ ತೊಳೆದು ಮಾಯಿಶ್ಚರೈಸರ್ ಹಚ್ಚಿ. ಕೀಮೋದಲ್ಲಿ ಅವರಿಗೆ ಕೆಂಪು ಔಷಧಿ, ಅಂದರೆ ಡಾಕ್ಸೊರುಬಿಸಿನ್, ಕೊಟ್ಟಿದ್ರೆ ಇತ್ತೀಚಿನ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಡಾಕ್ಟರಿಗೆ ತೋರಿಸಿಯೇ ಎದೆ ಝಲ್ಲೆನಿಸೋ ಆಟದ ಯೋಚನೆ ಮಾಡಿ. ಅದು ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲ ಔಷಧಿ.

ಮಗನ ಕಾಲು ಗಮನಿಸಿ. ವಿನ್‌ಕ್ರಿಸ್ಟಿನ್ ಅನ್ನೋ ಕೀಮೋ ಔಷಧಿ ನರಗಳನ್ನು ಮಂಕು ಮಾಡುತ್ತೆ, ಪಾದದ ಮುಂಭಾಗ ಎತ್ತೋಕಾಗದೆ ಎಡವುತ್ತಾರೆ. ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ನಡೆಯೋಕೆ ಹೇಳಿ. ಬೆರಳುಗಳು ನೆಲಕ್ಕೆ ಬಿದ್ರೆ ಒದ್ದೆ ನೆಲ, ಮೆಟ್ಟಿಲು ಎರಡೂ ಅಪಾಯ. ಪಾದದ ಸ್ಪರ್ಶ ಕಡಿಮೆ ಇರೋರಿಗೆ ಕಾದ ಕಲ್ಲುಹಾಸು ಸುಟ್ಟಿದ್ದು ಸಂಜೆ ಬೊಬ್ಬೆ ಎದ್ದ ಮೇಲೇ ಗೊತ್ತಾಗೋದು, ಬರಿಗಾಲು ಬೇಡ. ಹಿಮ್ಮಡಿಗೆ ಪಟ್ಟಿ ಇರೋ ಚಪ್ಪಲಿ ಹಾಕಿ, ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲಲ್ಲ. ಸ್ಟೀರಾಯ್ಡ್ ತಗೊಂಡ ಮಕ್ಕಳು, ಅದರಲ್ಲೂ ಹತ್ತು ವರ್ಷ ದಾಟಿದವರು, ತೊಡೆಸಂದಿ ಅಥವಾ ಮಂಡಿ ನೋವು ಅಂದ್ರೆ ಟ್ರ್ಯಾಂಪೊಲಿನ್, ನೆಗೆಯೋ ಆಟ ನಿಲ್ಲಿಸಿ ಮೊದಲು ಸೊಂಟದ ಕೀಲು ಪರೀಕ್ಷೆ ಮಾಡಿಸಿ. ಮೂಳೆಗೆ ಕ್ಯಾನ್ಸರ್ ಹರಡಿರೋರು, ಬೆನ್ನುಮೂಳೆಯಾದರೆ ಇನ್ನೂ ಖಡಾಖಂಡಿತ, ಜೋರಿನ ಯಾವ ಆಟಕ್ಕೂ ಹತ್ತಬಾರದು.

ಮಧುಗಿರಿ

ಅಷ್ಟು ದೂರ ಯಾಕೆ, ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆಲಿ ಜಾಯಿಂಟ್ ವೀಲ್, ಕೊಲಂಬಸ್ ಎಲ್ಲ ಬರುತ್ತೆ. ಹತ್ತಿರ, ಸಂಜೆ ಹೋಗಿ ಬರಬಹುದು.

ಡೇಕೇರ್ ಸಿಸ್ಟರ್

ಹತ್ತಿರ ಅನ್ನೋದು ನಿಜ, ಆದರೆ ಕೌಂಟ್ ಕಡಿಮೆ ಇರೋರಿಗೆ ಜಾತ್ರೆ ಪಾರ್ಕ್‌ಗಿಂತ ಕಷ್ಟ. ದನದ ಜಾತ್ರೆಯ ಹುಲ್ಲು, ಸಗಣಿ, ಮೇಲೆದ್ದ ಧೂಳು ಇವುಗಳಲ್ಲಿ ಆಸ್ಪರ್ಜಿಲ್ಲಸ್ ಅನ್ನೋ ಬೂಷ್ಟಿನ ಬೀಜಗಳಿರ್ತವೆ, ಅದು ಶ್ವಾಸಕೋಶಕ್ಕೆ ಇಳಿದ್ರೆ ತೆಗೆಯೋದು ಸುಲಭ ಅಲ್ಲ. ನಂದಿ ಜಾತ್ರೆ, ಆವನಿ ಜಾತ್ರೆ, ಘಾಟಿ ದನದ ಜಾತ್ರೆ ಎಲ್ಲಕ್ಕೂ ಇದೇ ಮಾತು. ಸಾಲು ನಿಲ್ಲಿಸೋ ವ್ಯವಸ್ಥೆ, ಕೈತೊಳೆಯೋ ನಲ್ಲಿ, ಪ್ರಥಮ ಚಿಕಿತ್ಸೆ ಕೋಣೆ ಪಾರ್ಕ್‌ನಲ್ಲಿ ಸಿಗುತ್ತೆ. ಹತ್ತಿರವೇ ಬೇಕು ಅಂದ್ರೆ ವಾರದ ದಿನ ಬೆಳಿಗ್ಗೆ ಅಮಾನಿಕೆರೆ ಪಾರ್ಕ್ ವಾಸಿ.

ಮಕ್ಕಳ ತಾಯಂದಿರಿಗೆ ಒಂದು. ಸಾಲಿನಲ್ಲಿ ಪಕ್ಕ ನಿಂತ ಮಗುವಿಗೆ ಮೈಮೇಲೆ ಅಮ್ಮ ಆಗಿತ್ತು, ಅಂದರೆ ಚಿಕನ್‌ಪಾಕ್ಸ್ ಅಥವಾ ದಡಾರ ಇತ್ತು ಅಂತ ಗೊತ್ತಾದ್ರೆ "ನಮ್ಮ ಮಗುವಿಗೆ ಏನೂ ಆಗಿಲ್ಲವಲ್ಲ" ಅಂತ ಗುಳ್ಳೆ ಏಳೋವರೆಗೂ ಕಾಯಬೇಡಿ. ಅದೇ ದಿನ ಫೋನ್ ಮಾಡಿ. ತಡೆಗಟ್ಟೋಕೆ ಕೊಡೋ ಔಷಧಿ ಮೊದಲ ನಾಲ್ಕು ದಿನದೊಳಗೆ ಕೊಟ್ಟರೆ ಹೆಚ್ಚು ಕೆಲಸ ಮಾಡುತ್ತೆ.

ಗುಬ್ಬಿಗೇಟ್, ತುಮಕೂರು

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಉಪಕಾರ. ಊಟ? ಹೊರಗಿನದು ಒಳಗೆ ಬಿಡಲ್ಲ ಅಂತಾರೆ.

ಆಹಾರ ತಜ್ಞೆ, ಮುಳಬಾಗಿಲು

ಡಾಕ್ಟರ್ ಪತ್ರ ಇರಲಿ ಅಕ್ಕ. ಲೆಟರ್‌ಹೆಡ್‌ನಲ್ಲಿ, ಇತ್ತೀಚಿನ ತಾರೀಖು ಹಾಕಿಸಿ: "ಇವರು ಚಿಕಿತ್ಸೆಯಲ್ಲಿದ್ದಾರೆ, ಮನೆ ಊಟ, ನೀರು, ಔಷಧಿ, ಥರ್ಮಾಮೀಟರ್ ಒಳಗೆ ಒಯ್ಯಬೇಕು, ಹೆಚ್ಚು ಹೊತ್ತು ಸಾಲಿನಲ್ಲಿ ನಿಲ್ಲಲಾಗದು." ಕಾಯಿಲೆಯ ಹೆಸರು ಬರೆಸಲೇಬೇಕು ಅಂತೇನಿಲ್ಲ. ಎರಡು ದಿನ ಮುಂಚೆ ಪಾರ್ಕ್‌ಗೆ ಫೋನ್ ಮಾಡಿ, ಒಪ್ಪಿದವರ ಹೆಸರು ಬರೆದಿಟ್ಟುಕೊಳ್ಳಿ.

ಇಡ್ಲಿ ಒಯ್ಯಿರಿ, ಆದರೆ ಕಾಯಿ ಚಟ್ನಿ ಬೇಡ, ಬಿಸಿಲಿಗೆ ಮೊದಲು ಹಳಸೋದು ಅದೇ. ಚಟ್ನಿಪುಡಿಗೆ ತುಪ್ಪ ಕಲಸಿ ಇಡ್ಲಿಗೆ ಬಳಿದುಬಿಡಿ. ಬಿಸಿ ಊಟವನ್ನು ಕುದಿನೀರು ಹಾಕಿ ಕಾಯಿಸಿದ ಫ್ಲಾಸ್ಕ್ ಡಬ್ಬಿಗೆ ಹೊಗೆಯಾಡುವಾಗಲೇ ತುಂಬಿ. ಬೆಚ್ಚಗೆ ಉಳಿಯದ ಊಟ ಎರಡು ಗಂಟೆಯೊಳಗೆ ಮುಗೀಬೇಕು, ಕಡುಬೇಸಿಗೆಯಲ್ಲಿ ಒಂದು ಗಂಟೆ. ಕೋಲಾರದ ಮಾವು ಎಷ್ಟೇ ಆಸೆಯಾದರೂ ಹೆಚ್ಚಿಟ್ಟಿದ್ದನ್ನು ಕೊಳ್ಳಬೇಡಿ, ಇಡೀ ಹಣ್ಣು ತೊಳೆದು ಒಯ್ದು ಅಲ್ಲೇ ಸುಲಿಯಿರಿ. ಪಾನಿಪೂರಿ, ಐಸ್ ಗೋಲಾ, ಕಬ್ಬಿನ ಹಾಲು ಬೇಡ. ಅಲ್ಲೇ ತಿನ್ನಬೇಕಾಗಿ ಬಂದ್ರೆ ಕಣ್ಣೆದುರು ಕಾವಲಿಯಿಂದ ತೆಗೆದ ದೋಸೆ, ಪಲ್ಯ ಚಟ್ನಿ ಇಲ್ಲದೆ. ಒಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ ಪೂರ್ತಿ. ಅರ್ಧ ಗ್ಲಾಸಿಗೆ ಪೂರ್ತಿ ಸುರಿದ್ರೆ ಉಪ್ಪು ಹೆಚ್ಚಾಗಿ ತೊಂದರೆ. ವಾಂತಿ ತಡೆಯೋ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ.

ಬಾಗೇಪಲ್ಲಿ

ಅಪ್ಪನಿಗೆ ಹೊಟ್ಟೆಯಲ್ಲಿ ಸ್ಟೋಮಾ ಚೀಲ (ಹೊಟ್ಟೆಗೆ ಮಾಡಿದ ತೂತಿನಿಂದ ಮಲ ಬಂದು ತುಂಬೋ ಚೀಲ) ಇದೆ, ಆಪರೇಷನ್ ಆಗಿ ಮೂರು ತಿಂಗಳು. ಅವರು ಬರಬಹುದಾ?

ಡೇಕೇರ್ ಸಿಸ್ಟರ್

ಬರಬಹುದು ಅಣ್ಣ. ತೊಡೆಕಂಬಿ, ಸೊಂಟಪಟ್ಟಿ ಹೊಟ್ಟೆಗೆ ಒತ್ತೋ ಆಟ ಬೇಡ. ಚೀಲ ಮೂರನೇ ಒಂದು ಭಾಗ ತುಂಬುತ್ತಲೇ ಖಾಲಿ ಮಾಡಲಿ, ತುಂಬಿದ ಭಾರಕ್ಕೆ ಅಂಟು ಬಿಡುತ್ತೆ. ಬೆವರಿಗೂ ಬಿಡುತ್ತೆ. ಮನೆಯಲ್ಲೇ ಅಳತೆಗೆ ಕತ್ತರಿಸಿದ ಬೇಸ್‌ಪ್ಲೇಟ್ (ಚೀಲ ಕೂರಿಸೋಕೆ ಚರ್ಮಕ್ಕೆ ಅಂಟಿಸೋ ತಟ್ಟೆ), ಎಂದಿಗಿಂತ ಎರಡು ಪಟ್ಟು ಚೀಲ, ಒದ್ದೆ ಬಟ್ಟೆ, ಒಂದು ಜೊತೆ ಪಂಚೆ ಅಥವಾ ಪ್ಯಾಂಟ್ ಇರಲಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಚೀಲ ಇಡಬೇಡಿ, ಅಂಟು ಕರಗಿರುತ್ತೆ.

ಗುಬ್ಬಿಗೇಟ್, ತುಮಕೂರು

ಅಲ್ಲೇ ಜ್ವರ ಬಂದ್ರೆ ವಾಪಸ್ ತುಮಕೂರಿಗೇ ಬರೋದಾ?

ಔಷಧಿ ಅಂಗಡಿ, ಕೋಲಾರ

ಬೇಡ. ಬಿಡದಿಯಿಂದ ನೈಸ್ ರಸ್ತೆ ಹಿಡಿದ್ರೆ ಬೆಂಗಳೂರಿನಲ್ಲಿ ನೀವು ತೋರಿಸೋ ಆಸ್ಪತ್ರೆ ತುಮಕೂರಿಗಿಂತ ಹತ್ತಿರ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತೋರಿಸೋರಿಗೂ ಅಷ್ಟೇ, ಅದು ಹೊಸೂರು ರಸ್ತೆಯಲ್ಲಿ. ಅಷ್ಟು ದೂರವೂ ಆಗದ ಸ್ಥಿತಿ ಇದ್ರೆ 108ಕ್ಕೆ ಫೋನ್ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಬಾಗಿಲಲ್ಲೇ "ಕೀಮೋ ನಡೀತಿದೆ, ಜ್ವರ ಬಂದಿದೆ" ಅಂತ ಹೇಳಿ. ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ನರಕ್ಕೆ ಹೋಗಬೇಕು ಅನ್ನೋದು ಇದರ ನಿಯಮ. ಫೈಲ್‌ನ ಮೊದಲ ಪುಟ, ಕೊನೆಯ ಸಿಬಿಸಿ, ಔಷಧಿ ಚೀಟಿ ಇವನ್ನು ಫೋನ್‌ನಲ್ಲಿ ಫೋಟೊ ಹಿಡಿದಿಟ್ಟಿರಿ.

ಜ್ವರ ಅಂದ್ರೆ 100.4 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಿನಿಂದ ಬಂದ ತಕ್ಷಣ ನೋಡಬೇಡಿ, ನೆರಳಲ್ಲಿ ಕಾಲು ಗಂಟೆ ಕೂರಿಸಿ ಡಿಜಿಟಲ್ ಥರ್ಮಾಮೀಟರ್‌ನಿಂದ ನೋಡಿ. ಹಣೆಗೆ ಹಿಡಿಯೋ ಗನ್ ಬಿಸಿಲಲ್ಲಿ ತಪ್ಪು ತೋರಿಸುತ್ತೆ. ಕಂಕುಳಲ್ಲಿ ಸುಮಾರು ಒಂದು ಡಿಗ್ರಿ ಕಡಿಮೆ ತೋರುತ್ತೆ, ಅಲ್ಲಿ 99.5 ಬಂದರೂ ಡಾಕ್ಟರಿಗೆ ಫೋನ್ ಮಾಡಿ. ಡಾಕ್ಟರ್ ಜೊತೆ ಮಾತಾಡೋ ಮುಂಚೆ ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರ ಇಳಿದ ಹಾಗೆ ಕಾಣುತ್ತೆ, ಸೋಂಕು ಒಳಗೇ ಏರ್ತಿರುತ್ತೆ.

ಹೋಗೋ ದಿನ ಮಂಗಳವಾರ ಅಥವಾ ಬುಧವಾರ ಇರಲಿ, ದಸರಾ, ಬೇಸಿಗೆ, ಕ್ರಿಸ್‌ಮಸ್ ರಜೆ ಬಿಟ್ಟು. ಬೆಳಿಗ್ಗೆ ಬೇಗ ಬಿಟ್ಟು ಬಾಗಿಲು ತೆರೆಯೋ ಹೊತ್ತಿಗೆ ಅಲ್ಲಿದ್ದು, ಮಧ್ಯಾಹ್ನ ಎರಡರೊಳಗೆ ಹೊರಡಿ. ಶಕ್ತಿ ಯೋಜನೆ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ನಿಜ, ಆದರೆ ಕಿಕ್ಕಿರಿದ ಬಸ್ಸಲ್ಲಿ ಈ ಮಗುವನ್ನು ನಿಲ್ಲಿಸೋದು ಬೇಡ, ಕಾರು ಮಾಡಿಕೊಳ್ಳಿ.

ಗುಬ್ಬಿಗೇಟ್, ತುಮಕೂರು

ಮುಂದಿನ ಸೋಮವಾರ ಮಗನಿಗೆ ವಿನ್‌ಕ್ರಿಸ್ಟಿನ್, ಬೆನ್ನಿಗೆ ಇಂಜೆಕ್ಷನ್, ಐದು ದಿನ ಸ್ಟೀರಾಯ್ಡ್ ಇದೆ. ಅದೇ ವಾರ ಬುಧವಾರ ಹೋಗೋಣ ಅಂತಿದ್ವಿ.

ಡೇಕೇರ್ ಸಿಸ್ಟರ್

ಆ ವಾರ ಬೇಡ ಅಕ್ಕ. ಬೆನ್ನಿಗೆ ಚುಚ್ಚಿದ ಮೇಲೆ ಎದ್ದು ಕೂತ್ರೆ ತಲೆನೋವು ಬರೋದು ಮೊದಲ ಕೆಲವು ದಿನ, ಕುಲುಕಾಟಕ್ಕೆ ಇನ್ನೂ ಹೆಚ್ಚುತ್ತೆ. ವಿನ್‌ಕ್ರಿಸ್ಟಿನ್‌ನ ಕಾಲುನೋವು, ದವಡೆನೋವು, ಮಲಬದ್ಧತೆಯೂ ಆ ವಾರವೇ. ಸ್ಟೀರಾಯ್ಡ್ ದಿನಗಳಲ್ಲಿ ಮಗು ಹಸಿವು, ಸಿಟ್ಟು ಎರಡರಲ್ಲೂ ಇರುತ್ತೆ. ಈ ಸೋಮವಾರದ ಒಳಗೆ ಸಿಬಿಸಿ ಮಾಡಿಸಿ 1000 ದಾಟಿದ್ರೆ ಈ ವಾರವೇ ಬುಧವಾರ ಹೋಗಿಬನ್ನಿ. ದಾಟಿಲ್ಲದಿದ್ರೆ ಮುಂದಿನ ವಿನ್‌ಕ್ರಿಸ್ಟಿನ್‌ಗೆ ಒಂದು ವಾರ ಉಳಿದಿರೋವಾಗ ಮತ್ತೆ ನೋಡಿ. 6-ಎಂಪಿ ರಾತ್ರಿ ಕೊಡೋದಾದ್ರೆ ಮಾತ್ರೆಗಳನ್ನು ಮನೆಯಲ್ಲೇ ಬಿಟ್ಟು ಹೋಗಬೇಡಿ, ನೆಲಮಂಗಲದ ಹತ್ತಿರ ಗಾಡಿ ಸಿಕ್ಕಿಹಾಕಿಕೊಂಡ್ರೆ ತಲುಪೋದು ತಡವಾಗುತ್ತೆ. ಪೋರ್ಟ್ ಫ್ಲಶ್ (ನಳಿಕೆ ಕಟ್ಟಿಕೊಳ್ಳದ ಹಾಗೆ ದ್ರವ ಹಾಯಿಸೋದು) ಯಾವತ್ತು ಆಗಿದೆ ಅಂತ ಕಾರ್ಡ್ ನೋಡಿ, ತಾರೀಖು ಹತ್ತಿರ ಇದ್ರೆ ಸಿಬಿಸಿಗೆ ಬಂದ ದಿನವೇ ಮಾಡಿಸಿಬಿಡಿ.